ಒಂದು ಗಡಿಗೆಯ ಕೋಳಿ, ಎಂಟು ಮಂದಿಯ ಊಟ



ಬೀಜ, ಗೊಬ್ಬರ, ಕೀಟದ ಔಷಧ ಇವುಗಳ ಮಾತನ್ನು ನೀವು ಈ ಕಾರ್ಯಕ್ರಮದಲ್ಲಿ ಬಹಳ ಸಲ ಕೇಳಿದ್ದೀರಿ. ಇಂದು ನಾನು ಹೊಲದಿಂದ ಒಂದಿಷ್ಟು ಈಚೆಗೆ ಬಂದು, ಒಲೆಯ ಮುಂದೆ ಕುಳಿತು ನಾಲ್ಕು ಮಾತಾಡಬೇಕೆಂದಿದ್ದೇನೆ. ಯಾದಗಿರಿ, ಶಹಾಪುರ, ಸುರಪುರದ ಕಡೆಯ ಮನೆಗಳಲ್ಲಿ ಬೀಗರು ಬಂದಾಗ, ಹಬ್ಬ ಮುಗಿದ ಮರುದಿನ, ಇಲ್ಲವೆ ಗುಳೆ ಹೋದವರು ಊರಿಗೆ ತಿರುಗಿ ಬಂದಾಗ ಒಂದು ಕೋಳಿ ಕೊಯ್ಯುವುದುಂಟು. ಆ ಒಂದು ಕೋಳಿಯನ್ನು ಹೆಚ್ಚು ತ್ರಾಸಿಲ್ಲದೆ ಒಂದೇ ಗಡಿಗೆಯಲ್ಲಿ ಬೇಯಿಸುವುದು ಹೇಗೆ, ಅದರ ಜೊತೆಗೆ ಪುಂಡಿಪಲ್ಯ ಮಾಡುವುದು ಹೇಗೆ, ಮತ್ತು ಅದು ಮನೆಯ ಎಲ್ಲರ ತಾಟಿಗೂ ಮುಟ್ಟುವಂತೆ ನೋಡಿಕೊಳ್ಳುವುದು ಹೇಗೆ, ಇದೇ ಇಂದಿನ ವಿಷಯ.

"ಕೋಳಿ ಬೇಯಿಸಲಿಕ್ಕೆ ರೇಡಿಯೋದವರು ಕಲಿಸಬೇಕೇನ್ರೀ?" ಎಂದು ಯಾರಾದರೂ ನಗಬಹುದು. ನಗಲಿ, ತಪ್ಪಿಲ್ಲ. ಕೋಳಿ ಬೇಯಿಸಲು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಬೇಯಿಸಿದವಳು ಏನು ಉಂಡಳು ಎಂಬುದನ್ನು ಮಾತ್ರ ನಾವು ವಿಚಾರಿಸಿಲ್ಲ. ನನ್ನ ಮಾತು ಅಲ್ಲಿಂದಲೇ ಶುರು.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕೋಳಿ ಕೊಯ್ದರೆ ಇಡೀ ಓಣಿಗೆ ವಾಸನೆ ಹೋಗುತ್ತಿತ್ತು. ಅವ್ವ ಮಧ್ಯಾಹ್ನವೇ ಹೊಲದ ಕೆಲಸ ಬಿಟ್ಟು ಬಂದು ಒಲೆ ಹಚ್ಚುತ್ತಿದ್ದಳು. ಮಸಾಲೆ ಅರೆಯುವುದು, ಉರಿ ಊದುವುದು, ರೊಟ್ಟಿ ಬಡಿಯುವುದು, ನಡುನಡುವೆ ಮುಚ್ಚಳ ತೆಗೆದು ಸೌಟು ಆಡಿಸುವುದು, ಹೀಗೆ ದೀಪ ಹಚ್ಚುವ ಹೊತ್ತಿನ ತನಕ ಆಕೆ ಒಲೆ ಬಿಟ್ಟು ಏಳುತ್ತಿರಲಿಲ್ಲ. ಊಟಕ್ಕೆ ಮೊದಲು ಗಂಡಸರು ಕೂಡುವರು. ಆಮೇಲೆ ನಾವು ಮಕ್ಕಳು. ಆಮೇಲೆ ಅಜ್ಜಿ. ಎಲ್ಲರದೂ ಆದ ಮೇಲೆ ಅವ್ವ ಗಡಿಗೆ ಮುಂದಿಟ್ಟುಕೊಂಡು, ರೊಟ್ಟಿಯ ಚೂರಿನಿಂದ ತಳ ಒರೆಸಿ ತಿನ್ನುತ್ತಿದ್ದಳು. ಒಂದು ದಿನ ನಾನು ಕೇಳಿದೆ: "ಯವ್ವಾ, ನಿನಗ ತುಂಡು ಉಳದಾವೇನು?"

"ನನಗ ರಸ ಅದ, ಸಾಕು ಬಿಡು," ಅಂದಳು.

ಆಕೆ ಸಿಟ್ಟಿನಿಂದ ಅನ್ನಲಿಲ್ಲ, ದುಃಖದಿಂದಲೂ ಅನ್ನಲಿಲ್ಲ. ಅದು ಹಾಗೆಯೇ ಇರತಕ್ಕದ್ದು ಎಂಬಂತೆ ಅಂದಳು. ಮುಂದೆ ನನ್ನ ತಮ್ಮ ಹುಟ್ಟಿದ ಮೇಲೆ ಆಕೆಯ ಮುಖ ಬಿಳಿಚಿಕೊಂಡಿತು. ಒಂದು ಕೊಡ ನೀರು ಹೊತ್ತು ಬಂದರೆ ಏದುಸಿರು ಬರುತ್ತಿತ್ತು. ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತ ಕಡಿಮೆ ಆಗಿದೆ, ಒಳ್ಳೆಯ ಊಟ ಕೊಡಿರಿ" ಎಂದರು. ಮನೆಯಲ್ಲಿ ಒಳ್ಳೆಯ ಊಟ ಆಗುತ್ತಿತ್ತು. ಅದನ್ನು ಮಾಡುವವಳೇ ಅವಳು. ಆದರೆ ಅವಳ ಪಾಲಿಗೆ ಅದು ಬರುತ್ತಿರಲಿಲ್ಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಹತ್ತು ಮಂದಿ ಹೆಂಗಸರು ಹತ್ತಿ ಬಿಡಿಸಲು ಸಾಲು ಹಿಡಿದರೆ, ಅವರಲ್ಲಿ ಐದಾರು ಮಂದಿ ರಕ್ತ ಸಾಲದ ಮೈಯಲ್ಲಿಯೇ ದುಡಿಯುತ್ತಿದ್ದಾರೆಂದು ತಿಳಿಯಿರಿ. ಅದಕ್ಕೆ ಕಾರಣಗಳು ಹಲವು ಇವೆ. ಊಟದಲ್ಲಿ ಕಬ್ಬಿಣದ ಅಂಶ ಸಾಲದಿರುವುದು ಅವುಗಳಲ್ಲಿ ದೊಡ್ಡದು.

ಇನ್ನೊಂದು ಮಾತನ್ನೂ ನೆನೆಯಬೇಕು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಕಟ್ಟಿ ಮುಗಿದ ಮೇಲೆ, ಕಾಲುವೆಯ ನೀರು ಬಂದ ಕಡೆಗೆಲ್ಲ ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ಬಂತು. ನೀರು ಬಂದದ್ದು ಒಳ್ಳೆಯದೇ ಆಯಿತು. ಆದರೆ ಭತ್ತದ ನಾಟಿ, ಕಳೆ, ಹತ್ತಿ ಬಿಡಿಸುವುದು ಇವೆಲ್ಲ ಬಹುಮಟ್ಟಿಗೆ ಹೆಂಗಸರ ಕೈಕೆಲಸ. ಹೊತ್ತು ಮುಳುಗುವಾಗ ಮನೆಗೆ ಬಂದವಳಿಗೆ ಮೂರು ತಾಸು ಒಲೆ ಕಾಯುವ ಶಕ್ತಿ ಎಲ್ಲಿಂದ ಬರಬೇಕು? ಆದುದರಿಂದ ಇಂದಿನ ಅಡಿಗೆಯು ತಾನಾಗಿ ಬೇಯುವಂತಿರಬೇಕು, ಮಾಡಿದವಳೂ ಎಲ್ಲರೊಡನೆ ಕುಳಿತು ಉಣ್ಣುವಂತಿರಬೇಕು.

ತಾನಾಗಿ ಬೇಯುವ ಅಡಿಗೆ ಹೊಸದೇನೂ ಅಲ್ಲ. ಫ್ರೆಂಚರಲ್ಲಿ ಕ್ಯಾಸರೋಲ್ ಎಂಬ ಪಾತ್ರೆಯುಂಟು. ಇಂದು ಪೇಟೆಯಲ್ಲಿ ರೊಟ್ಟಿ ಬಿಸಿಯಾಗಿಡುವ ಡಬ್ಬಿಗೆ ನಾವು ಅದೇ ಹೆಸರು ಕರೆಯುತ್ತೇವೆ. ಪಶ್ಚಿಮದ ದೇಶಗಳಲ್ಲಿ ಆ ಹೆಸರು ಮುಚ್ಚಳವಿರುವ ಆಳವಾದ ಪಾತ್ರೆಗೂ, ಅದರಲ್ಲಿ ಮಾಂಸ, ಕಾಯಿಪಲ್ಯಗಳನ್ನು ಕೂಡಿಸಿ ಸಣ್ಣ ಕಾವಿನಲ್ಲಿ ಬಹಳ ಹೊತ್ತು ಬೇಯಿಸಿದ ಅಡಿಗೆಗೂ ಸಲ್ಲುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಈ ಸೀಮೆ 1948ರವರೆಗೆ ನಿಜಾಮರ ಆಳಿಕೆಯಲ್ಲಿತ್ತು, 1956ರ ತನಕ ಹೈದರಾಬಾದ್ ರಾಜ್ಯದಲ್ಲಿತ್ತು. ಹೈದರಾಬಾದಿನ ಕಡೆ ಪಾತ್ರೆಯ ಬಾಯಿಗೆ ಕಣಕ ಮೆತ್ತಿ, ಮೇಲೆ ಕೆಳಗೆ ಕೆಂಡವಿಟ್ಟು ಬೇಯಿಸುವುದಕ್ಕೆ ದಮ್ ಕೊಡುವುದು ಎನ್ನುತ್ತಾರೆ. ನಮ್ಮ ಮಣ್ಣಿನ ಗಡಿಗೆ, ನಮ್ಮ ಕುಳ್ಳಿನ ಕೆಂಡ, ನಮ್ಮ ಜೋಳದ ಹಿಟ್ಟು, ಇಷ್ಟಿದ್ದರೆ ಅದೇ ಕೆಲಸ ಆಗುತ್ತದೆ.

ಮೊದಲು ಕೋಳಿಯ ವಿಚಾರ. ಮನೆಯ ಜವಾರಿ ಕೋಳಿಗೆ ರುಚಿ ಹೆಚ್ಚು, ಬೇಯಲು ಹೊತ್ತೂ ಹೆಚ್ಚು. ಫಾರಮ್ ಕೋಳಿ ಮೆತ್ತಗಿದ್ದು ಬೇಗ ಬೇಯುತ್ತದೆ. ಗಿರಿರಾಜದಂಥ ಸುಧಾರಿಸಿದ ತಳಿ ಸಾಕಿದವರಿಗೆ ಹಿತ್ತಲಲ್ಲಿಯೇ ಮೈ ತುಂಬಿದ ಕೋಳಿ ಸಿಗುತ್ತದೆ. ಒಂದೂವರೆ ಕಿಲೋ ತೂಗುವ ಕೋಳಿಯನ್ನು ಪುಕ್ಕ ಕಿತ್ತು ಸ್ವಚ್ಛ ಮಾಡಿದರೆ ಸುಮಾರು ಒಂದು ಕಿಲೋ ಮಾಂಸ ಬರುತ್ತದೆ. ನಾನು ಹೇಳುವ ಲೆಕ್ಕವೆಲ್ಲ ಈ ಒಂದು ಕಿಲೋಗೆ, ಎಂಟು ಮಂದಿಯ ಮನೆಗೆ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಕೋಳಿ ತೂಕಡಿಸುತ್ತಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ, ಹಸಿರು ನೀರಿನಂಥ ಹಿಕ್ಕೆ ಹಾಕುತ್ತಿದ್ದರೆ, ಕತ್ತು ತಿರುಚುತ್ತಿದ್ದರೆ ಅದು ಕೊಕ್ಕರೆ ರೋಗ ಇರಬಹುದು, ಬೇರೊಂದು ರೋಗವೂ ಇರಬಹುದು. "ಹ್ಯಾಂಗೂ ಸಾಯತೈತಿ, ಕೊಯ್ದು ತಿಂದುಬಿಡೋಣು" ಎನ್ನುವವರು ನಮ್ಮಲ್ಲಿ ಇದ್ದಾರೆ. ಬಡವನಿಗೆ ಕೋಳಿ ಸತ್ತರೆ ಹಣ ಸತ್ತಂತೆ, ಆ ಸಂಕಟ ನನಗೆ ತಿಳಿಯುತ್ತದೆ. ಆದರೂ ರೋಗದ ಕೋಳಿ, ತಾನಾಗಿ ಸತ್ತ ಕೋಳಿ ಗಡಿಗೆಗೆ ಬರಕೂಡದು. ಅದನ್ನು ಕೊಯ್ಯುವ, ತೊಳೆಯುವ ಕೈಗೇ ಮೊದಲು ಅಪಾಯ. ಆಳವಾದ ತಗ್ಗು ತೆಗೆದು ಸುಣ್ಣ ಹಾಕಿ ಹೂಳಿರಿ, ಪಶು ಆಸ್ಪತ್ರೆಗೆ ಸುದ್ದಿ ಕೊಡಿರಿ. ಉಳಿದ ಕೋಳಿಗಳಿಗೆ ಮೊದಲೇ ಲಸಿಕೆ ಹಾಕಿಸಿದ್ದರೆ ಆ ಹಣವಾದರೂ ಉಳಿಯುತ್ತಿತ್ತು.

ಒಳ್ಳೆಯ ಕೋಳಿಯನ್ನು ಕೊಯ್ದು, ಪುಕ್ಕ ಕಿತ್ತು, ಅರಿಷಿಣ ಹಚ್ಚಿ ಉರಿಯ ಮೇಲೆ ಆಡಿಸಿ ಸಣ್ಣ ಕೂದಲು ಸುಡುವ ರೂಢಿ ನಿಮಗೆ ಗೊತ್ತೇ ಇದೆ. ಒಳಗಿನದನ್ನು ತೆಗೆಯುವಾಗ ಪಿತ್ತದ ಚೀಲ ಒಡೆಯದಂತೆ ನೋಡಿಕೊಳ್ಳಿರಿ, ಒಡೆದರೆ ಮಾಂಸವೆಲ್ಲ ಕಹಿ. ಅಂಗಡಿಯಲ್ಲಿ ಸ್ವಚ್ಛ ಮಾಡಿಸಿ ತಂದ ಮಾಂಸವನ್ನು ನಲ್ಲಿಯ ಕೆಳಗೆ ಜೋರಾಗಿ ತೊಳೆಯುವ ಅವಶ್ಯವಿಲ್ಲ. ಆ ನೀರು ನಾಲ್ಕೂ ಕಡೆ ಸಿಡಿದು ಹಸಿಮಾಂಸದ ಕ್ರಿಮಿಗಳು ರೊಟ್ಟಿಯ ಪರಾತಕ್ಕೂ ಕೊಡಕ್ಕೂ ಹತ್ತುತ್ತವೆ. ಆ ಕ್ರಿಮಿಗಳನ್ನು ಕೊಲ್ಲುವುದು ಬೆಂಕಿಯೇ, ನೀರಲ್ಲ. ಮನೆಯಲ್ಲಿ ಕೊಯ್ದ ಕೋಳಿಯನ್ನು ತೊಳೆಯಲೇಬೇಕಾದಾಗ ಬೋಗುಣಿಯಲ್ಲಿ ನೀರು ಹಾಕಿ ಮೆಲ್ಲಗೆ ತೊಳೆದು, ಆ ನೀರನ್ನು ದೂರ ಚೆಲ್ಲಿರಿ. ಮಾಂಸ ಮುಟ್ಟಿದ ಕೈ, ಚಾಕು, ಮಣೆ ಇವನ್ನು ಸಾಬೂನು ಹಚ್ಚಿ ತೊಳೆದ ಮೇಲೆಯೇ ಬೇರೆ ಕೆಲಸಕ್ಕೆ ಕೈ ಹಾಕಿರಿ.

ಈಗ ತುಂಡುಗಳ ಲೆಕ್ಕ. ಇದು ಬಹಳ ಮುಖ್ಯ, ಮರೆಯಬೇಡಿರಿ. ಎಂಟು ಮಂದಿಗೆ 24 ತುಂಡು ಮಾಡಿರಿ, ಒಬ್ಬೊಬ್ಬರಿಗೆ ಮೂರು. ಸಾಮಾನ್ಯವಾಗಿ ತುಂಡುಗಳನ್ನು ಎಣಿಸದೆ ಗಡಿಗೆಗೆ ಹಾಕುತ್ತೇವೆ, ಬಡಿಸುವಾಗ ಮೊದಲು ಕೂತವರಿಗೆ ಐದಾರು ಬೀಳುತ್ತವೆ, ಕೊನೆಯವರಿಗೆ ರಸ ಉಳಿಯುತ್ತದೆ. ಎಣಿಸಿ ಹಾಕಿದರೆ ಎಣಿಸಿ ತೆಗೆಯುವುದು ಸುಲಭ.

ಮಾಂಸಕ್ಕೆ ಒಂದು ಚಮಚೆ ಉಪ್ಪು, ಅರ್ಧ ಚಮಚೆ ಅರಿಷಿಣ, ಎರಡು ಚಮಚೆ ಮೊಸರು ಹಚ್ಚಿ ಅರ್ಧ ತಾಸು ಮುಚ್ಚಿಡಿರಿ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತು. ಆ ದಿನಗಳಲ್ಲಿ ಹಸಿಮಾಂಸವನ್ನು ಒಂದು ತಾಸಿಗಿಂತ ಹೆಚ್ಚು ಹೊರಗಿಡುವುದು ತರವಲ್ಲ.

ಇನ್ನು ಮಸಾಲೆ. ನಾಲ್ಕು ದೊಡ್ಡ ಉಳ್ಳಾಗಡ್ಡಿಗಳಲ್ಲಿ ಎರಡನ್ನು ಸಿಪ್ಪೆಯ ಸಮೇತ ಕೆಂಡದಲ್ಲಿ ಹಾಕಿ ಸುಡಿರಿ. ಅರ್ಧ ಗಿಟುಕು ಒಣಕೊಬ್ಬರಿಯನ್ನೂ ಕೆಂಡಕ್ಕೆ ಹಿಡಿದು ಕೆಂಪಗೆ ಮಾಡಿರಿ. ಗ್ಯಾಸಿನ ಒಲೆಯವರು ತವೆಯ ಮೇಲೆ ಹುರಿಯಬಹುದು. ಎರಡು ಚಮಚೆ ಕೊತ್ತಂಬರಿ ಬೀಜ, ಒಂದು ಚಮಚೆ ಜೀರಿಗೆ, ಒಂದು ಚಮಚೆ ಬಿಳಿಎಳ್ಳು, ನಾಲ್ಕು ಲವಂಗ, ಬೆರಳುದ್ದದ ಚಕ್ಕೆ ಇವನ್ನು ಘಮಘಮ ಎನ್ನುವ ತನಕ ಹುರಿಯಿರಿ. ಸುಟ್ಟ ಉಳ್ಳಾಗಡ್ಡಿಯ ಕರಿ ಸಿಪ್ಪೆ ತೆಗೆದು, ಹುರಿದ ಪದಾರ್ಥ, ಒಂದು ಗಡ್ಡೆ ಬಳ್ಳೊಳ್ಳಿ, ಎರಡು ಬೆರಳಷ್ಟು ಹಸಿಶುಂಠಿ ಕೂಡಿಸಿ ನುಣ್ಣಗೆ ಅರೆಯಿರಿ. ಈ ಮಸಾಲೆಯನ್ನು ಮುಂಜಾನೆಯೇ ಅರೆದಿಟ್ಟು ಹೊಲಕ್ಕೆ ಹೋಗಬೇಕೆಂದಿದ್ದರೆ, ನೀರು ಹಾಕದೆ ಒಣ ಪದಾರ್ಥವನ್ನಷ್ಟೇ ಪುಡಿ ಮಾಡಿಡಿರಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಶುಂಠಿಯನ್ನು ಸಂಜೆ ಅರೆಯಿರಿ.

ಗಡಿಗೆ ಹೊಸದಾಗಿದ್ದರೆ ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಒಣಗಿಸಿ, ಒಳಗೆ ಎಣ್ಣೆ ಸವರಿ, ಒಮ್ಮೆ ಗಂಜಿ ಕುದಿಸಿ ಚೆಲ್ಲಿರಿ. ಹಾಗೆ ಪಳಗಿದ ಗಡಿಗೆ ಸುಲಭವಾಗಿ ಸೀಳುವುದಿಲ್ಲ. ಗಡಿಗೆ ಇಲ್ಲದವರು ತಳ ದಪ್ಪವಾದ ಸ್ಟೀಲಿನ ಪಾತ್ರೆ ತೆಗೆದುಕೊಳ್ಳಿರಿ.

ಗಡಿಗೆಯಲ್ಲಿ ನಾಲ್ಕು ಚಮಚೆ ಶೇಂಗಾ ಎಣ್ಣೆ ಕಾಯಿಸಿ, ಉಳಿದ ಎರಡು ಉಳ್ಳಾಗಡ್ಡಿಯನ್ನು ಹೆಚ್ಚಿ ಹಾಕಿ ಕೆಂಪಗೆ ಹುರಿಯಿರಿ. ಅರೆದ ಮಸಾಲೆ ಹಾಕಿ, ಎಣ್ಣೆ ಬದಿಗೆ ಬಿಡುವ ತನಕ ತಿರುವಿರಿ. ಎರಡರಿಂದ ಮೂರು ಚಮಚೆ ಕೆಂಪು ಖಾರ, ಹೆಚ್ಚಿದ ಮೂರು ಟೊಮೆಟೋ ಹಾಕಿರಿ. ಮಕ್ಕಳೂ ಉಣ್ಣುವ ಅಡಿಗೆಯಾದ್ದರಿಂದ ಖಾರದ ಕೈ ಒಂದಿಷ್ಟು ಹಿಡಿತದಲ್ಲಿರಲಿ. ಆಮೇಲೆ ಮಾಂಸ ಹಾಕಿ, ತುಂಡುಗಳು ಬಿಳುಪಾಗುವ ತನಕ ಐದಾರು ನಿಮಿಷ ತಿರುವಿ, ಬಿಸಿನೀರು ಹಾಕಿರಿ. ಜವಾರಿ ಕೋಳಿಗೆ ಒಂದೂಕಾಲು ಲೀಟರು, ಫಾರಮ್ ಕೋಳಿಗೆ ಮುಕ್ಕಾಲು ಲೀಟರು ಸಾಕು. ತಣ್ಣೀರು ಹಾಕಿದರೆ ಕುದಿ ನಿಲ್ಲುತ್ತದೆ, ಕಾದ ಮಣ್ಣಿನ ಗಡಿಗೆ ಸೀಳಲೂಬಹುದು.

ಒಂದು ಕುದಿ ಚೆನ್ನಾಗಿ ಬಂದ ಮೇಲೆ ಮುಚ್ಚಳವಿಟ್ಟು, ಅದರ ಸುತ್ತ ಕಲಸಿದ ಹಿಟ್ಟನ್ನು ಹಗ್ಗದಂತೆ ಹೊಸೆದು ಮೆತ್ತಿರಿ. ಉರಿಯುವ ತೊಗರಿ ಕಟ್ಟಿಗೆಯನ್ನು ಹೊರಗೆ ಎಳೆದು, ಕುಳ್ಳಿನ ಕೆಂಡವನ್ನಷ್ಟೇ ಒಲೆಯಲ್ಲಿ ಉಳಿಸಿರಿ. ಮುಚ್ಚಳ ಮಣ್ಣಿನದೋ ಕಬ್ಬಿಣದ್ದೋ ಆಗಿದ್ದರೆ ಅದರ ಮೇಲೆಯೂ ನಾಲ್ಕು ಕೆಂಡ ಇಡಿರಿ. ಗ್ಯಾಸಿನವರು ಉರಿಯನ್ನು ಎಲ್ಲಕ್ಕಿಂತ ಸಣ್ಣದು ಮಾಡಿ, ಪಾತ್ರೆಯ ಕೆಳಗೆ ಹಳೆಯ ತವೆ ಇಡಿರಿ, ತಳ ಹತ್ತುವುದಿಲ್ಲ. ಫಾರಮ್ ಕೋಳಿಗೆ ಮುಕ್ಕಾಲು ತಾಸು, ಜವಾರಿ ಕೋಳಿಗೆ ಒಂದೂವರೆಯಿಂದ ಎರಡು ತಾಸು ಬೇಕು.

ಇಷ್ಟು ಸಣ್ಣ ಕಾವು ಯಾಕೆಂದು ಕೇಳಬಹುದು. ಹಿತ್ತಲಲ್ಲಿ ಓಡಾಡಿ ಬೆಳೆದ ಕೋಳಿಯ ಮಾಂಸದಲ್ಲಿ ಬಿಗಿಯಾದ ನರದಂಥ ಎಳೆಗಳು ಬಹಳ. ಜೋರು ಉರಿಯಲ್ಲಿ ಕುದಿಸಿದರೆ ಮಾಂಸ ಬಿಗಿದುಕೊಂಡು ರಬ್ಬರಿನಂತಾಗುತ್ತದೆ. ಮಂದ ಕಾವಿನಲ್ಲಿ, ಹಬೆ ಹೊರಗೆ ಹೋಗದಂತೆ ಬಹಳ ಹೊತ್ತು ಬೆಂದರೆ ಆ ಎಳೆಗಳು ಕರಗಿ ರಸಕ್ಕೆ ಇಳಿಯುತ್ತವೆ. ಜವಾರಿ ಕೋಳಿಯ ಸಾರು ಆರಿದಾಗ ಅಂಟಂಟಾಗುವುದು ಇದೇ ಕಾರಣದಿಂದ. ಬಿಗಿಯಾಗಿ ಮುಚ್ಚಿದ್ದರಿಂದ ನೀರು ಬತ್ತುವುದಿಲ್ಲ, ತಳ ಹತ್ತುವ ಭಯವೂ ಕಡಿಮೆ. ಕಟ್ಟಿಗೆ ಉಳಿಯಿತು, ಹೊಗೆ ಉಳಿಯಿತು, ಮುಖ್ಯವಾಗಿ ನಿಮ್ಮ ಹೊತ್ತು ಉಳಿಯಿತು. ನಡುವೆ ತೆಗೆದು ನೋಡುವ ಆಸೆಯೊಂದನ್ನು ಬಿಡಿರಿ.

ಆ ಉಳಿದ ಹೊತ್ತಿನಲ್ಲಿ ಪುಂಡಿಪಲ್ಯ ಮಾಡೋಣ. ಪುಂಡಿ ನಮ್ಮ ಹೊಲದ ಬದುವಿನ ಬೆಳೆ. ಮುಂಗಾರಿನಲ್ಲಿ ಜೋಳ, ತೊಗರಿಯ ಹೊಲದ ಅಂಚಿಗೆ ಒಂದೆರಡು ಸಾಲು ಹಾಕಿದರೆ ಎಳೆಯದಿದ್ದಾಗ ಪಲ್ಯವಾಯಿತು, ಬಲಿತ ಮೇಲೆ ನಾರು ತೆಗೆದು ಹಗ್ಗ ಹೊಸೆಯಲಿಕ್ಕಾಯಿತು. ಪ್ಲಾಸ್ಟಿಕಿನ ಹಗ್ಗ ಬಂದ ಮೇಲೆ ಎಷ್ಟೋ ಹೊಲಗಳಲ್ಲಿ ಪುಂಡಿಯ ಸಾಲು ಕಾಣದಾಯಿತು. ಹಗ್ಗಕ್ಕಲ್ಲದಿದ್ದರೂ ತಾಟಿಗಾಗಿ ಅದನ್ನು ಬಿತ್ತಿರಿ ಎಂದು ಅಣ್ಣಂದಿರಲ್ಲಿ ಕೇಳಿಕೊಳ್ಳುತ್ತೇನೆ.

ಅರ್ಧ ಬಟ್ಟಲು ತೊಗರಿಬೇಳೆ, ಅರ್ಧ ಬಟ್ಟಲು ಜೋಳದ ನುಚ್ಚು, ಎರಡನ್ನೂ ಒಂದು ತಾಸು ಮೊದಲೇ ನೆನೆಹಾಕಿರಿ. ಆಮೇಲೆ ಮೂರು ಪಟ್ಟು ನೀರಿನಲ್ಲಿ ಮೆತ್ತಗೆ ಬೇಯಿಸಿರಿ. ಬೇಳೆ ಪೂರ್ತಿ ಬೆಂದ ಮೇಲೆಯೇ ಪುಂಡಿ ಹಾಕಬೇಕು. ಹುಳಿ ಮೊದಲೇ ಸೇರಿದರೆ ಬೇಳೆ ಕಲ್ಲಿನಂತೆ ಉಳಿಯುತ್ತದೆ, ಎಷ್ಟು ಕಟ್ಟಿಗೆ ಹಾಕಿದರೂ ಮೆತ್ತಗಾಗದು. ಎರಡು ಸಿವುಡು ಪುಂಡಿಯ ಎಲೆ ಬಿಡಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ಬೇರೆ ಪಾತ್ರೆಯಲ್ಲಿ ಐದು ನಿಮಿಷ ಬೇಯಿಸಿರಿ. ಹುಳಿ ಹೆಚ್ಚೆನಿಸಿದರೆ ಸ್ವಲ್ಪ ನೀರು ಬಸಿಯಿರಿ, ಎಲ್ಲವನ್ನೂ ಹಿಂಡಿ ಚೆಲ್ಲಬೇಡಿರಿ, ಸತ್ವವೂ ಅದರೊಡನೆ ಹೋಗುತ್ತದೆ. ಬೆಂದ ಎಲೆಯನ್ನು ಆರೆಂಟು ಹಸಿಮೆಣಸಿನಕಾಯಿ, ಉಪ್ಪು ಹಾಕಿ ಬೇಳೆ ನುಚ್ಚಿನೊಡನೆ ಕೂಡಿಸಿ ಕಡೆಗೋಲಿನಿಂದ ಮಸೆಯಿರಿ. ಎರಡು ಚಮಚೆ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಹತ್ತು ಹನ್ನೆರಡು ಎಸಳು ಬಳ್ಳೊಳ್ಳಿ ಕೆಂಪಗೆ ಮಾಡಿ ಒಗ್ಗರಣೆ ಕೊಡಿರಿ. ಪುಂಡಿಯನ್ನು ಅಲ್ಯುಮಿನಿಯಮ್ ಪಾತ್ರೆಯಲ್ಲಿಯೂ ಕಲಾಯಿ ಹೋದ ಹಿತ್ತಾಳೆಯಲ್ಲಿಯೂ ಬೇಯಿಸಬಾರದು. ಹುಳಿಗೆ ಲೋಹ ಬಿಡುತ್ತದೆ. ಮಣ್ಣು ಇಲ್ಲವೆ ಸ್ಟೀಲು ಒಳ್ಳೆಯದು.

ಪಲ್ಯ ಇಳಿಸಿ ರೊಟ್ಟಿ ಬಡಿಯಲು ಕೂಡುವ ಮೊದಲು, ಮನೆಯ ದೊಡ್ಡ ಹುಡುಗನನ್ನೋ ಹುಡುಗಿಯನ್ನೋ ಕರೆದು ಪಚಡಿ ಮಾಡಲು ಹೇಳಿರಿ. ಸೌತೆಕಾಯಿ, ಹಸಿ ಉಳ್ಳಾಗಡ್ಡಿ, ಮೂಲಂಗಿ, ಸಿಕ್ಕರೆ ಎಳೆ ಮೆಂತೆಪಲ್ಯ, ಇವನ್ನು ತೊಳೆದು ಹೆಚ್ಚಿ ಉಪ್ಪು, ನಿಂಬೆಹಣ್ಣಿನ ರಸ ಹಾಕಿದರಾಯಿತು. ಹುಡುಗರು ಮಾಡಬಾರದೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ. ಮಾಂಸ ಹೆಚ್ಚಿದ ಚಾಕುವನ್ನು ತೊಳೆಯದೆ ಇದಕ್ಕೆ ಹಚ್ಚಬಾರದೆಂಬುದನ್ನು ಮಾತ್ರ ನೆನಪಿಸಿರಿ.

ಈಗ ಗಡಿಗೆ ತೆಗೆಯುವ ಹೊತ್ತು. ಹಿಟ್ಟಿನ ಕಟ್ಟು ಒಡೆದು, ಮುಚ್ಚಳವನ್ನು ನಿಮ್ಮ ಮುಖದಿಂದ ಆಚೆಗೆ ಎತ್ತಿರಿ, ಹಬೆ ಸುಡುತ್ತದೆ. ದಪ್ಪ ತುಂಡೊಂದನ್ನು ಒತ್ತಿ ನೋಡಿರಿ. ಮಾಂಸ ಎಲುಬಿನಿಂದ ಸುಲಭವಾಗಿ ಬಿಡಬೇಕು, ಒಳಗೆ ಕೆಂಪುನೀರು ಕಾಣಬಾರದು. ಬೆಂದಿಲ್ಲವೆಂದು ಕಂಡರೆ ಮತ್ತೆ ಮುಚ್ಚಿ ಇನ್ನಷ್ಟು ಹೊತ್ತು ಇಡಿರಿ. ಕೊತ್ತಂಬರಿ ಸೊಪ್ಪು ಉದುರಿಸಿ ಇಳಿಸಿರಿ.

ಅಡಿಗೆ ಆಯಿತು. ಈಗ ಬಡಿಸುವ ಮಾತು. ಎಂಟು ತಾಟು ಒಂದೇ ಸಲಕ್ಕೆ ಸಾಲಾಗಿ ಇಡಿರಿ. ಅತ್ತೆ, ಮಾವ, ಯಜಮಾನರು, ಮೈದುನ, ಮೂವರು ಮಕ್ಕಳು, ಎಂಟನೆಯದು ನಿಮ್ಮದು. ಎಲ್ಲ ತಾಟಿಗೂ ಮೂರು ಮೂರು ತುಂಡು, ಒಂದು ಸೌಟು ರಸ, ಒಂದು ಹಿಡಿ ಪಲ್ಯ, ಪಚಡಿ, ರೊಟ್ಟಿ. ಕಲೀಜಿಯನ್ನು ನಾಲ್ಕು ಚೂರು ಮಾಡಿ ಮಕ್ಕಳಿಗೂ ನಿಮಗೂ ಹಂಚಿರಿ. ಗುಳೆಯಿಂದ ಬಂದವರಿದ್ದರೆ ಅವರಿಗೆ ಒಂದು ರೊಟ್ಟಿ ಹೆಚ್ಚು ಬಡಿಸಿರಿ, ತುಂಡಿನ ಲೆಕ್ಕ ಕೆಡಿಸಬೇಡಿರಿ.

"ದುಡಿಯೋ ಗಂಡಸಿಗೆ ಹೆಚ್ಚು ಬೇಕಲ್ಲೇನ್ರೀ?" ಎಂದು ಹಿರಿಯರು ಕೇಳಬಹುದು. ದುಡಿಯುವ ಮೈಗೆ ಹೆಚ್ಚು ಬೇಕು ನಿಜ. ಆದರೆ ಕಳೆ ತೆಗೆದು, ನೀರು ಹೊತ್ತು, ರೊಟ್ಟಿ ಬಡಿದ ಮೈ ದುಡಿಯಲಿಲ್ಲವೇ? ತಿಂಗಳು ತಿಂಗಳು ಹೆಂಗಸಿನ ಮೈಯಿಂದ ರಕ್ತ ಹೋಗುತ್ತದೆ, ಬಸುರಿನಲ್ಲಿ ಅವಳ ರಕ್ತದಲ್ಲಿಯೇ ಮಗು ಬೆಳೆಯುತ್ತದೆ. ಆದ್ದರಿಂದ ಹರೆಯದ ಹೆಣ್ಣಿಗೆ ಕಬ್ಬಿಣದ ಅಂಶ ಗಂಡಸಿಗಿಂತ ಹೆಚ್ಚೇ ಬೇಕು.

ಇದರಲ್ಲಿ ಇನ್ನೊಂದು ಗುಟ್ಟಿದೆ. ಜೋಳ, ತೊಗರಿ, ಸೊಪ್ಪು ಇವುಗಳಲ್ಲಿ ಕಬ್ಬಿಣದ ಅಂಶ ಇದ್ದರೂ ನಮ್ಮ ಮೈ ಅದರಲ್ಲಿ ಸ್ವಲ್ಪವನ್ನು ಮಾತ್ರ ಹೀರಿಕೊಳ್ಳುತ್ತದೆ. ಅದೇ ಊಟದಲ್ಲಿ ಒಂದಿಷ್ಟು ಮಾಂಸವಿದ್ದರೆ ಕಾಳು ಸೊಪ್ಪಿನ ಕಬ್ಬಿಣವೂ ಹೆಚ್ಚು ಮೈಗೆ ಹತ್ತುತ್ತದೆ. ನಿಂಬೆಹಣ್ಣಿನ ಹುಳಿಗೂ ಆ ಗುಣ ಉಂಟು. ಅಂದಮೇಲೆ ಒಬ್ಬರ ತಾಟಿನಲ್ಲಿ ಆರು ತುಂಡು, ಇನ್ನೊಬ್ಬರ ತಾಟಿನಲ್ಲಿ ಬರೀ ರಸ ಇರುವುದಕ್ಕಿಂತ, ಎಲ್ಲರ ತಾಟಿನಲ್ಲಿಯೂ ಮೂರು ತುಂಡು ಇದ್ದರೆ ಎಲ್ಲರ ರೊಟ್ಟಿ, ಎಲ್ಲರ ಪುಂಡಿಪಲ್ಯ ಮೈಗೆ ಹೆಚ್ಚು ಹತ್ತಿದಂತಾಯಿತು. ರಸದಲ್ಲಿ ರುಚಿ ಇದೆ, ಒಂದಿಷ್ಟು ಸತ್ವವೂ ಇದೆ. ಆದರೆ ಅದು ತುಂಡಿಗೆ ಸಮನಾಗದು. ಊಟವಾದೊಡನೆ ಚಹಾ ಕುಡಿಯುವ ರೂಢಿಯನ್ನು ಒಂದು ತಾಸು ಮುಂದಕ್ಕೆ ಹಾಕಿರಿ. ಚಹಾದ ಒಗರು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ.

ಆದರೆ ವರ್ಷಕ್ಕೆ ನಾಲ್ಕು ಸಲದ ಕೋಳಿಯಿಂದಲೇ ರಕ್ತ ತುಂಬುವುದಿಲ್ಲ. ಕಣ್ಣು, ಉಗುರು ಬಿಳಿಚಿದ್ದರೆ, ಏದುಸಿರು ಬರುತ್ತಿದ್ದರೆ ಆಸ್ಪತ್ರೆಯಲ್ಲಿ ರಕ್ತ ತೋರಿಸಿ, ಕೊಟ್ಟ ಗುಳಿಗೆ ನುಂಗಲೇಬೇಕು. ಊಟ ಅದಕ್ಕೆ ಜೊತೆ ಕೊಡುತ್ತದೆ, ಬದಲಿಯಾಗುವುದಿಲ್ಲ. ಹಬ್ಬದ ದಿನ ತಾಟು ಎಣಿಸಿ ಇಡಲು ಕಲಿತ ಮನೆ ದಿನದ ಹಾಲು, ಮೊಟ್ಟೆ, ಬೇಳೆಯಲ್ಲಿಯೂ ಅದೇ ಲೆಕ್ಕ ಹಿಡಿಯಲಿ ಎಂಬುದು ನನ್ನ ಆಸೆ.

ಕೋಳಿ ತಿನ್ನದ ಮನೆಗಳವರು ಈ ಮಾತು ನಮಗಲ್ಲವೆಂದು ಕಿವಿ ಮುಚ್ಚಬೇಡಿರಿ. ಇದೇ ಗಡಿಗೆ, ಇದೇ ಮಸಾಲೆಯಲ್ಲಿ ನೆನೆಸಿ ಮೊಳಕೆ ಬಂದ ಹೆಸರುಕಾಳು, ಸೀಳಿದ ಎಳೆ ಬದನೆಕಾಯಿ, ಹುರಿದು ಕುಟ್ಟಿದ ಶೇಂಗಾ ಹಾಕಿ ಮುಚ್ಚಿ ಅರ್ಧ ತಾಸು ಬೇಯಿಸಿರಿ. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿರಿ. ಬಡಿಸುವ ಲೆಕ್ಕ ಮಾತ್ರ ಅದೇ ಇರಲಿ.

ಅಡಿಗೆ ಮಿಕ್ಕರೆ ರಾತ್ರಿಯೆಲ್ಲ ಹಾಗೆಯೇ ಬಿಡಬೇಡಿರಿ. ಊಟವಾದ ಎರಡು ತಾಸಿನೊಳಗೆ, ಸೆಕೆಯ ದಿನವಾದರೆ ಒಂದು ತಾಸಿನೊಳಗೆ ತಂಪು ಪೆಟ್ಟಿಗೆಗೆ ಸೇರಿಸಿರಿ, ಮರುದಿನ ಕುದಿ ಬರುವಂತೆ ಬಿಸಿ ಮಾಡಿ ಉಣ್ಣಿರಿ. ತಂಪು ಪೆಟ್ಟಿಗೆ ಇಲ್ಲದ ಮನೆಯವರು ಮಿಗದಷ್ಟೇ ಮಾಡುವುದು ಲೇಸು.

ಇನ್ನೊಮ್ಮೆ ನೆನಪಿಗೆ ತರುತ್ತೇನೆ: ರೋಗದ ಕೋಳಿ ಬೇಡ. ಮಾಂಸ ಮುಟ್ಟಿದ ಕೈ, ಚಾಕು ತೊಳೆಯಿರಿ. ತುಂಡು ಎಣಿಸಿ ಗಡಿಗೆಗೆ ಹಾಕಿರಿ. ಬಾಯಿ ಬಿಗಿದು ಮಂದ ಕಾವಿನಲ್ಲಿ ಬಿಡಿರಿ. ಬೇಳೆ ಬೆಂದ ಮೇಲೆ ಪುಂಡಿ ಹಾಕಿರಿ. ಎಂಟು ತಾಟು ಒಟ್ಟಿಗೆ ಇಡಿರಿ.

ನಮ್ಮ ಅವ್ವನಿಗೆ ಈಗ ವಯಸ್ಸಾಗಿದೆ. ಈಗ ಮನೆಯಲ್ಲಿ ಕೋಳಿ ಮಾಡಿದರೆ ನಾನೇ ಬಡಿಸುತ್ತೇನೆ, ಆಕೆಯ ತಾಟಿಗೂ ಮೂರು ತುಂಡು ಹಾಕುತ್ತೇನೆ. ರೂಢಿಯ ಬಲ ನೋಡಿರಿ, ಆಕೆ ಇಂದಿಗೂ ಒಂದನ್ನು ಎತ್ತಿ ಮೊಮ್ಮಗನ ತಾಟಿಗೆ ಹಾಕಲು ಹೋಗುತ್ತಾಳೆ. "ಆಯಿ, ನನ್ನವು ಮೂರು ಅದಾವ, ಅವು ನಿನ್ನವು," ಎಂದು ಆ ಹುಡುಗ ತಿರುಗಿ ಹಾಕುತ್ತಾನೆ. ಅವನಿಗೆ ಎಣಿಸಲು ಬರುತ್ತದೆ.

ಈ ಸಲ ನಿಮ್ಮ ಮನೆಯಲ್ಲಿ ಗಡಿಗೆ ಇಳಿಸಿದಾಗ ಎಂಟನೆಯ ತಾಟನ್ನು ಮರೆಯಬೇಡಿರಿ.